ಅತ್ತೆಬಂಡೆಯ ಹಳದಿ ಸ್ಪಂಜು

ಬಂದರಿನಲ್ಲಿ ಅವನನ್ನು ಎಲ್ಲರೂ ನೀರುಕಾಗೆ ಎಂದೇ ಕರೆಯುತ್ತಿದ್ದರು. ನೀರಿನಿಂದ ಮೇಲೆ ಬಂದ ಕೂಡಲೇ ಕಟ್ಟೆಯ ತುದಿಯಲ್ಲಿ ಎರಡೂ ತೋಳುಗಳನ್ನು ಅಗಲಿಸಿ, ರಬ್ಬರ್ ಅಂಗಿಯ ನೀರೆಲ್ಲ ಇಳಿಯುವವರೆಗೆ ಅಲುಗಾಡದೆ ನಿಲ್ಲುವುದು ಅವನ ರೂಢಿ. ಗೂಟದ ಮೇಲೆ ರೆಕ್ಕೆ ಒಣಗಿಸುತ್ತ ಕೂರುವ ಆ ಕಪ್ಪು ಹಕ್ಕಿಗೂ ಅವನಿಗೂ ದೂರದಿಂದ ನೋಡಿದವರಿಗೆ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಹೆಸರಿಟ್ಟವರು ಯಾರೋ ಹಡಗುಕಟ್ಟೆಯ ಕೂಲಿಗಳು. ಅದನ್ನು ಮನೆಯೊಳಗೆ ತಂದು ಕಾಯಂ ಮಾಡಿದವಳು ಅವನ ಹೆಂಡತಿ. ಮದುವೆಗೆ ಮುಂಚೆ ಹುಡುಗ ಮನುಷ್ಯ ಅಂತಲೇ ಹೇಳಿದ್ದರು, ಪಕ್ಷಿ ಅಂತ ಒಬ್ಬರಾದರೂ ಬಾಯಿಬಿಡಲಿಲ್ಲ ಎಂದು ಅವಳು ನೆಂಟರಿಷ್ಟರ ಮುಂದೆ ದೂರುತ್ತಿದ್ದಳು. ಅವನು ತಲೆ ತಗ್ಗಿಸಿ ನಗುತ್ತಿದ್ದ. ಮಾತು ಅವಳ ಕಸುಬು, ಮುಳುಗುವುದು ತನ್ನದು ಎಂದು ಅವರಿಬ್ಬರ ನಡುವೆ ಮೊದಲಿನಿಂದಲೂ ಒಂದು ಒಪ್ಪಂದವಿದ್ದಂತಿತ್ತು.

ಹರೆಯದ ದಿನಗಳಲ್ಲಿ ಅವನು ಹಡಗುಗಳ ತಳಕ್ಕೆ ಅಂಟಿದ ಚಿಪ್ಪುಗಳನ್ನು ಕೆರೆಯುತ್ತಿದ್ದ. ಯಂತ್ರದ ರೆಕ್ಕೆಗೆ ಸುತ್ತಿಕೊಂಡ ಬಲೆಗಳನ್ನು ಕತ್ತರಿಸಿ ಬಿಡಿಸುತ್ತಿದ್ದ. ಕಳೆದುಹೋದ ಲಂಗರುಗಳನ್ನು ಕೆಸರಿನಲ್ಲಿ ತಡಕಾಡಿ ಹುಡುಕುತ್ತಿದ್ದ. ಆ ಕೆಲಸ ಅವನ ಎಡಗಿವಿಯನ್ನು ಕಿವುಡು ಮಾಡಿತು. ಅಂದಿನಿಂದ ಹೆಂಡತಿ ಯಾವಾಗಲೂ ಅವನ ಬಲಗಡೆ ಮಲಗುತ್ತಿದ್ದಳು, ಬಲಗಡೆ ನಡೆಯುತ್ತಿದ್ದಳು. ಜಗಳವಾದ ದಿನ ಮಾತ್ರ ಬೇಕೆಂದೇ ಎಡಗಡೆಗೆ ಹೋಗಿ, ತನಗೆ ತೋಚಿದ್ದನ್ನೆಲ್ಲ ಅಲ್ಲಿ ಹೇಳಿ ಮುಗಿಸಿ ಬರುತ್ತಿದ್ದಳು.

ನಡುವಯಸ್ಸಿಗೆ ಬಂದಾಗ ಅವನಿಗೆ ಬಂದರು ರಸ್ತೆಯ ಕೊನೆಯಲ್ಲಿದ್ದ ಕಡಲ ಸಂಶೋಧನಾಲಯದಲ್ಲಿ ಕೆಲಸ ಸಿಕ್ಕಿತು. ಹಳೆಯ ಮಂಜುಗಡ್ಡೆ ಕಾರ್ಖಾನೆಯೊಂದನ್ನು ಅಲ್ಲಿ ಪ್ರಯೋಗಾಲಯ ಮಾಡಿಕೊಂಡಿದ್ದರು. ಗೋಡೆಗಳಿಗೆ ಇನ್ನೂ ಹಳೆಯ ತಣ್ಣನೆಯ ವಾಸನೆಯಿತ್ತು. ಅದರ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ಆಕೆ ಅವನನ್ನು ಎದುರಿಗೆ ಕೂರಿಸಿಕೊಂಡು, ತಾವು ಹುಡುಕುವುದೇನು ಎಂದು ವಿವರಿಸಿದ್ದರು. ಸ್ಪಂಜು ಗಿಡದಂತೆ ಕಂಡರೂ ಪ್ರಾಣಿ. ಅದಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ, ಬಚ್ಚಿಟ್ಟುಕೊಳ್ಳಲು ಚಿಪ್ಪಿಲ್ಲ. ಬಂಡೆಗೆ ಅಂಟಿ ಕೂತಲ್ಲೇ ಬದುಕಬೇಕಾದ ಈ ಜೀವ ತನ್ನ ಮೈಯೊಳಗೇ ಒಂದು ವಿಷ ಇಟ್ಟುಕೊಂಡು, ತಿನ್ನಲು ಬಂದವರ ಬಾಯಿ ಸುಡುತ್ತದೆ. ಆ ವಿಷಗಳ ನಡುವೆ ಎಲ್ಲೋ ಒಂದು, ಮನುಷ್ಯನ ಮೈಯಲ್ಲಿ ಹದ್ದು ಮೀರಿ ಬೆಳೆಯುವ ಗಡ್ಡೆಯನ್ನೂ ಸುಡಬಲ್ಲುದೇನೋ ಎಂಬುದೇ ಅಲ್ಲಿಯ ಎಲ್ಲ ಉಪಕರಣಗಳ, ಎಲ್ಲ ಶೀಷೆಗಳ ಹಿಂದಿದ್ದ ಆಸೆ.

ನೀರುಕಾಗೆಗೆ ಇದೆಲ್ಲ ಇಷ್ಟವಾಯಿತು. ಹಡಗಿನ ತಳದಲ್ಲಿ ಅವನು ಕೆರೆದು ಎಸೆಯುತ್ತಿದ್ದುದನ್ನೇ ಇವರು ಮಗುವಿನಂತೆ ಎತ್ತಿಕೊಳ್ಳುತ್ತಿದ್ದರು. ಸ್ಪಂಜನ್ನು ಹೇಗೆ ಕೊಯ್ಯಬೇಕು ಎಂಬುದನ್ನು ಅವನೂ ಮೇಡಮ್ಮೂ ಕೂಡಿಯೇ ಗೊತ್ತುಮಾಡಿಕೊಂಡರು. ಒಂದು ಪಕ್ಕದಿಂದ ತೆಳ್ಳನೆಯ ಅಲಗಿನಲ್ಲಿ ಸೀಳಿ ತೆಗೆಯಬೇಕು, ಬುಡವನ್ನು ಬಂಡೆಗೇ ಬಿಡಬೇಕು. ಬುಡವಿದ್ದರೆ ಗಾಯ ಮಾಯ್ದು ಅದು ಮತ್ತೆ ಬೆಳೆಯುತ್ತದೆ. ಆಸೆಬುರುಕತನಕ್ಕೆ ಮದ್ದಾಗಿ ಇನ್ನೊಂದು ಕಟ್ಟುಪಾಡನ್ನು ಅವನೇ ಹುಟ್ಟುಹಾಕಿದ: ಒಂದು ಬಂಡೆಗೆ ಒಂದೇ ಚೀಲ, ಆ ಚೀಲವೂ ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ನೀರಿನಡಿಯಲ್ಲಿ ಮನುಷ್ಯನ ಬುದ್ಧಿ ಮಂಕಾಗುತ್ತದೆ, ಅಲ್ಲಿ ಲೆಕ್ಕ ಹಾಕುವ ಕೆಲಸವನ್ನು ಚೀಲಕ್ಕೆ ಬಿಡುವುದು ಒಳ್ಳೆಯದು ಎಂದು ಅವನ ವಾದ. ಬಲೆಯ ಬಟ್ಟೆಯ ಆ ಪುಟ್ಟ ಚೀಲಗಳನ್ನು ಹೊಲಿದು ಕೊಡುತ್ತಿದ್ದವಳು ಹೆಂಡತಿ. ಮನೆಯ ಮುಂಗೋಣೆಯಲ್ಲಿ ಕಿಟಕಿಯ ಪರದೆ, ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದ ಅವಳಿಗೆ ಈ ಚೀಲಗಳೆಂದರೆ ತಮಾಷೆ. ಕಡಲಿಗೆ ಸಂತೆಗೆ ಹೋಗುವವನು ಇಷ್ಟು ಸಣ್ಣ ಚೀಲ ಹಿಡಿದುಕೊಂಡು ಹೋಗುವುದನ್ನು ತಾನು ಎಲ್ಲೂ ಕಂಡಿಲ್ಲ ಎನ್ನುತ್ತಿದ್ದಳು.

ನೀರಿನಡಿಯ ಬಂಡೆಗಳಿಗೆಲ್ಲ ಅವನು ಹೆಸರಿಟ್ಟಿದ್ದ. ಒಂದು ಮುರುಕುಹಲ್ಲು, ಒಂದು ಕುರ್ಚಿ, ಇನ್ನೊಂದು ಅತ್ತೆಬಂಡೆ. ಅತ್ತೆಬಂಡೆಯ ಸುತ್ತ ಸದಾ ನೀರಿನ ಎಳೆತ. ಯಾವ ಕಡೆಯಿಂದ ಹತ್ತಿರ ಹೋದರೂ ನೀರು ಹಿಂದಕ್ಕೆ ದಬ್ಬುತ್ತಿತ್ತು. ಈ ಹೆಸರು ಹೆಂಡತಿಯ ಕಿವಿಗೆ ಬಿದ್ದ ದಿನ, ಅದು ಯಾರ ಅತ್ತೆ ಎಂದು ಅವಳು ವಿಚಾರಣೆ ನಡೆಸಿದಳು. ನಿನ್ನ ಅತ್ತೆ ಎಂದು ಹೇಳಿ ಅವನು ಪಾರಾದ. ದೋಣಿ ನಡೆಸುವ ಹಿರಿಯನೊಬ್ಬನಿದ್ದ, ನೀರುಕಾಗೆ ಅವನನ್ನು ಅಣ್ಣ ಎಂದು ಕರೆಯುತ್ತಿದ್ದ. ಈ ಅಣ್ಣನಂತೂ ಆ ಬಂಡೆಯ ಮೇಲಿನ ನೀರಿಗೆ ಬಂದಾಗಲೆಲ್ಲ ಎಂಜಿನ್ನಿನ ಸದ್ದು ತಗ್ಗಿಸಿ, ದೊಡ್ಡವರ ಮನೆಯ ಮುಂದೆ ಹೋಗುತ್ತಿರುವವನಂತೆ ಟೊಪ್ಪಿ ತೆಗೆಯುತ್ತಿದ್ದ.

ಆ ಅತ್ತೆಬಂಡೆಯ ನೆರಳು ಬೀಳುವ ಪಕ್ಕದಲ್ಲಿ, ಅವನು ಒಮ್ಮೆ ಹಳದಿ ಬಣ್ಣದ ಸ್ಪಂಜೊಂದನ್ನು ಕಂಡು, ಕ್ರಮದಂತೆ ಒಂದು ಚೀಲ ಕೊಯ್ದು ತಂದ. ಅಂಥದೇ ಹಳದಿ ಸ್ಪಂಜು ಬೇರೆ ಬಂಡೆಗಳ ಮೇಲೂ ಇತ್ತು, ಆದ್ದರಿಂದ ಯಾರೂ ಅದಕ್ಕೆ ವಿಶೇಷ ಗಮನ ಕೊಡಲಿಲ್ಲ. ಅದು ಎಲ್ಲದರಂತೆ ಕತ್ತರಿಗೆ ಸಿಕ್ಕಿತು, ಮದ್ಯಸಾರದಲ್ಲಿ ನೆನೆಯಿತು, ಸೋಸಿ ಬತ್ತಿಸಿದ ಮೇಲೆ ಕಂದು ಜಿಗುಟಾಗಿ ಶೀಷೆಯ ತಳದಲ್ಲಿ ಕೂತು ತನ್ನ ಸರದಿ ಕಾಯಿತು.

ಅದರ ಸರದಿ ಬರುವ ಹೊತ್ತಿಗೆ ಹೆಂಡತಿಗೆ ಬೆನ್ನುನೋವು ಶುರುವಾಗಿತ್ತು. ಹೊಲಿಗೆಯವರಿಗೆ ಬೆನ್ನುನೋವು ಇದ್ದದ್ದೇ ಎಂದು ಇಬ್ಬರೂ ಉಪೇಕ್ಷೆ ಮಾಡಿದರು. ಆಮೇಲೆ ಊಟ ಸೇರದಾಯಿತು, ಕಣ್ಣು ಹಳದಿಗೆ ತಿರುಗಿತು. ಆಸ್ಪತ್ರೆಯ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿದರು: ಹೊಟ್ಟೆಯ ಹಿಂಭಾಗದಲ್ಲಿ, ದೊಡ್ಡ ರಕ್ತನಾಳವನ್ನು ತಬ್ಬಿಕೊಂಡಂತೆ, ಒಂದು ಗಡ್ಡೆ. ಅಲ್ಲಿಗೆ ಚಾಕು ಹಾಕುವಂತಿಲ್ಲ. ನಾಳದ ಮೂಲಕ ಔಷಧ ಏರಿಸಿ ಅದನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು, ಅಷ್ಟೆ. ಮನೆಗೆ ಬರುವ ದಾರಿಯಲ್ಲಿ ಅವಳೇ ಮಾತಾಡಿದಳು. ಒಪ್ಪಿಕೊಂಡ ಪರದೆಗಳನ್ನು ಯಾರಿಗೆ ವಹಿಸುವುದು ಎಂದು ಯೋಚಿಸುತ್ತಿದ್ದಳು. ಅವನು ಬಲಗಿವಿಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ, ಒಂದೂ ತಲೆಗೆ ಹೋಗಲಿಲ್ಲ.

ಅದಾದ ವಾರವೇ ಮೇಡಂ ಅವನನ್ನು ಒಳಗೆ ಕರೆದರು. ಅವರ ಮುಖ ಅರಳಿತ್ತು. ಸಣ್ಣ ಸಣ್ಣ ಗುಳಿಗಳ ತಟ್ಟೆಯೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನೋಡಿ ಎಂದರು. ಮೊದಲ ಗುಳಿಯಲ್ಲಿ ಗಡ್ಡೆಯ ಜೀವಕೋಶಗಳು ಕಲ್ಲು ಹಾಸಿದ ಅಂಗಳದಂತೆ ಒತ್ತೊತ್ತಾಗಿ ಹಬ್ಬಿದ್ದವು. ಹಳದಿ ಸ್ಪಂಜಿನ ಸಾರ ಬಿದ್ದ ಗುಳಿಯಲ್ಲಿ ಅವು ಉಂಡೆಗಟ್ಟಿ, ಒಡೆದು, ತೇಲುತ್ತಿದ್ದವು. ಇದು ಯಾವ ಬಂಡೆಯದು ಎಂದು ಅವರು ಕೇಳಿದರು. ಇದು ಯಾವ ಗಡ್ಡೆ ಎಂದು ಅವನು ಕೇಳಿದ. ಹಲವು ಬಗೆಯವುಗಳ ಮೇಲೆ ನೋಡಿದ್ದೇವೆ ಎಂದು ಅವರು ಒಂದೊಂದಾಗಿ ಹೇಳುತ್ತ ಹೋದರು, ಅದರಲ್ಲಿ ಡಾಕ್ಟರು ಹೇಳಿದ ಹೆಸರೂ ಬಂತು. ಮನೆಯ ವಿಷಯ ಅವರಿಗಿನ್ನೂ ತಿಳಿದಿರಲಿಲ್ಲ. ಅವನೂ ಹೇಳಲಿಲ್ಲ. ಇನ್ನಷ್ಟು ಬೇಕು ಎಂದು ಅವರು ಹೇಳಿದ ಮಾತೊಂದನ್ನೇ ಕಟ್ಟಿಕೊಂಡು ಮನೆಗೆ ನಡೆದ.

ದೊಡ್ಡ ಚೀಲ ಬೇಕು ಎಂದು ಹೆಂಡತಿಯನ್ನು ಕೇಳಿದಾಗ ಅವಳು ಹಾಸಿಗೆಯಲ್ಲಿ ಎದ್ದು ಕೂತಳು.

'ಎಷ್ಟು ದೊಡ್ಡದು?'

'ದಿಂಬಿನ ಚೀಲದಷ್ಟು.'

'ಏನ್ರೀ ಇದು, ಕಡಲನ್ನೇ ಎತ್ಕೊಂಡು ಬರ್ತೀರಾ?'

'ನಿನಗೆ ಔಷಧಿ ಸಿಕ್ಕಿದೆ,' ಎಂದ ಅವನು. 'ಅತ್ತೆಬಂಡೆ ಮೇಲಿದೆ.'

ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. 'ಅತ್ತೆ ಕೊಡೋ ಔಷಧಿ ಅಂದ್ರೆ ನಂಬೋದು ಕಷ್ಟ,' ಎಂದಳು. ಆದರೂ ಎದ್ದು ಹೋಗಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು ಯಂತ್ರದ ಮುಂದೆ ಕೂತು ಹೊಲಿದಳು. ನಡುನಡುವೆ ನಿಲ್ಲಿಸಿ ಹಣೆಯನ್ನು ಯಂತ್ರದ ಮೇಲಿಟ್ಟು ಸುಧಾರಿಸಿಕೊಳ್ಳುತ್ತಿದ್ದಳು.

ಅತ್ತೆಬಂಡೆಯ ಬಳಿ ಆ ದಿನ ನೀರು ತಿಳಿಯಾಗಿತ್ತು. ಮೊದಲು ಅವನು ಕ್ರಮದಂತೆಯೇ ಒಂದು ಪಕ್ಕ ಸೀಳಿದ. ಚೀಲ ಬಾಯಿ ತೆರೆದೇ ಇತ್ತು. ಇನ್ನೊಂದು ಪಕ್ಕ ತೆಗೆದ. ಅದರ ಹೊಟ್ಟೆ ಇನ್ನೂ ಖಾಲಿ. ಕಣ್ಣಮುಂದೆ ಹಣೆಯನ್ನು ಯಂತ್ರಕ್ಕೆ ಆನಿಸಿ ಕೂತವಳ ಚಿತ್ರವೊಂದೇ ಇತ್ತು. ಅಲಗನ್ನು ಅಡ್ಡ ಹಿಡಿದು, ಹಡಗಿನ ತಳ ಕೆರೆಯುತ್ತಿದ್ದ ಹಳೆಯ ಕೈಚಳಕದಲ್ಲಿ, ಬುಡವನ್ನೂ ಎಬ್ಬಿಸಿದ; ಬುಡದಡಿಯಲ್ಲಿ ಸಿಪ್ಪೆಯಂತೆ ಅಂಟಿದ್ದುದನ್ನೂ ಕೆರೆದ; ಬಿರುಕುಗಳೊಳಗೆ ಅಲಗಿನ ತುದಿ ಹಾಕಿ ಕೆದಕಿದ. ಬಂಡೆ ತೊಳೆದಿಟ್ಟ ಪಾತ್ರೆಯಂತಾದಾಗಲೇ ಅವನು ಮೇಲೆದ್ದದ್ದು. ಚೀಲವನ್ನು ದೋಣಿಗೆ ಎಳೆದುಕೊಂಡ ಅಣ್ಣ ಅದರ ಭಾರ ನೋಡಿ ಹುಬ್ಬೇರಿಸಿದ, ಏನೋ ಕೇಳಬೇಕೆಂದವನು ಇವನ ಮುಖ ನೋಡಿ ಸುಮ್ಮನಾದ. ಮೇಡಮ್ಮಿಗೆ ಖುಷಿಯೋ ಖುಷಿ. ಅವರೂ ಏನೂ ಕೇಳಲಿಲ್ಲ.

ಇಷ್ಟು ದೊಡ್ಡ ಚೀಲದಿಂದ ಔಷಧ ಬಟ್ಟಲುಗಟ್ಟಲೆ ಇಳಿಯುತ್ತದೆ ಎಂದು ಅವನು ತಿಳಿದಿದ್ದ. ಹಳದಿ ರಾಶಿ ಕರಗಿ ಕಂದು ನೀರಾಯಿತು, ಕಂದು ನೀರು ಜಿಗುಟಾಯಿತು. ಜಿಗುಟನ್ನು ಗಾಜಿನ ಕೊಳವೆಗಳಲ್ಲಿ ಹಾಯಿಸಿ, ಬೇರ್ಪಡಿಸಿ, ಬೇರ್ಪಡಿಸಿದ್ದನ್ನು ಮತ್ತೆ ಬೇರ್ಪಡಿಸಿ, ಕಡೆಗೆ ಉಳಿದದ್ದು ಉಗುರಿನ ಸಂದಿಯಲ್ಲಿ ಅಡಗುವಷ್ಟು ಬಿಳಿ ಪುಡಿ. ಕೊಲ್ಲುವ ಗುಣವೆಲ್ಲ ಆ ಪುಡಿಯಲ್ಲಿತ್ತು. ಉಳಿದ ರಾಶಿಯೆಲ್ಲ ಬರೀ ಸ್ಪಂಜು. ಪುಡಿಯ ಬಹುಪಾಲು, ಅದರ ರಚನೆ ಏನೆಂದು ತಿಳಿಯಲು ದೂರದ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು. ಇದುವರೆಗೆ ಯಾರೂ ಕಾಣದ ಸಂಯುಕ್ತ ಎಂದು ಅಲ್ಲಿಂದ ಸುದ್ದಿ ಬಂತು. ಎಲ್ಲರೂ ಚಹಾ ಕುಡಿದು ಸಂಭ್ರಮಿಸಿದರು. ಇಲಿಗಳ ಮೇಲೆ ನೋಡಲು ಇನ್ನೂ ಬೇಕು, ಮತ್ತೆ ತನ್ನಿ ಎಂದರು ಮೇಡಂ.

ಅವನು ತಂದ. ಮುರುಕುಹಲ್ಲಿನ ಮೇಲಿಂದ ತಂದ, ಕುರ್ಚಿಯ ಮೇಲಿಂದ ತಂದ, ಹೆಸರಿಡದ ಬಂಡೆಗಳಿಂದಲೂ ತಂದ. ಅದೇ ಹಳದಿ, ಅದೇ ಮೆದು, ಹಿಂಡಿದರೆ ಅದೇ ವಾಸನೆ. ಆದರೆ ಗುಳಿಗಳಲ್ಲಿ ಗಡ್ಡೆಯ ಕೋಶಗಳು ಏನೂ ಆಗಿಲ್ಲವೆಂಬಂತೆ ಹಬ್ಬುತ್ತಲೇ ಹೋದವು. ಸ್ಪಂಜು ಒಂದೇ ಜಾತಿಯದಾದರೂ, ಆ ವಿಷವನ್ನು ಮಾಡುವುದು ಬಹುಶಃ ಅದರೊಳಗೆ ಬಾಡಿಗೆಗಿರುವ ಸೂಕ್ಷ್ಮಜೀವಿಗಳು. ಅವು ಅತ್ತೆಬಂಡೆಯ ಮೇಲಿನ ಸ್ಪಂಜಿನಲ್ಲಷ್ಟೇ ಮನೆ ಮಾಡಿರಬೇಕು ಎಂದು ಮೇಡಂ ವಿವರಿಸಿದರು. ಅಲ್ಲಿಂದಲೇ ತಂದುಬಿಡಿ ಎಂದರು. ನೀರು ಸರಿಯಿಲ್ಲ ಎಂದ ಅವನು. ಮರುವಾರವೂ ಅದನ್ನೇ ಹೇಳಿದ.

ನೀರು ಸರಿಯಿಲ್ಲದ್ದೂ ನಿಜವೇ, ಕಡಲು ಕೆರಳುವ ಕಾಲ ಬಂದಿತ್ತು. ಆದರೂ ಅವನು ಅಣ್ಣನನ್ನು ಕಾಡಿ ಬೇಡಿ ಹೋಗುತ್ತಲೇ ಇದ್ದ, ಸಂಶೋಧನಾಲಯಕ್ಕೆ ತಿಳಿಯದಂತೆ. ಎಳೆತದಲ್ಲಿ ಒಂದು ಕೈಯಿಂದ ಬಂಡೆ ಹಿಡಿದುಕೊಂಡು ಇನ್ನೊಂದು ಕೈಯ ದೀಪದಲ್ಲಿ ಬಿರುಕು ಬಿರುಕನ್ನೂ ನೋಡುತ್ತಿದ್ದ. ಸಾಸಿವೆಯಷ್ಟು ಹಳದಿ ಎಲ್ಲಾದರೂ ಉಳಿದಿರಬಹುದು. ಉಳಿದಿರಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ. ಆ ಜಾಗದಲ್ಲಿ ಆಗಲೇ ಬೂದು ಪಾಚಿಯೊಂದು ಬಂದು ಹಾಸಿಕೊಂಡಿತ್ತು.

ಇತ್ತ ಹೆಂಡತಿ ಆಸ್ಪತ್ರೆಗೆ ಹೋಗಿ ಔಷಧ ಏರಿಸಿಕೊಂಡು ಬರುತ್ತಿದ್ದಳು, ಜೊತೆಗೆ ಹೋಗುತ್ತಿದ್ದವಳು ಅವಳ ಅಕ್ಕ. ಕೂದಲು ಉದುರಿತು, ನೋವು ಮಾತ್ರ ಜಾಗ ಬಿಡಲಿಲ್ಲ. ಅವಳ ಅಕ್ಕ ಒಂದು ದಿನ ಅವನನ್ನು ಬಾಗಿಲಲ್ಲೇ ತಡೆದು, ಹೆಂಡತಿ ಹಾಸಿಗೆ ಹಿಡಿದಿರುವಾಗ ಗಂಡನಾದವನು ನೀರಲ್ಲಿ ಆಡುತ್ತಿರುವುದು ಯಾವ ಸೀಮೆಯ ನ್ಯಾಯ ಎಂದು ಕೇಳಿದಳು. ಒಳಗಿನಿಂದ ಹೆಂಡತಿಯೇ, ನೀರುಕಾಗೆ ನೀರಿಗೆ ಹೋಗದೆ ಮಾವಿನ ಮರ ಹತ್ತುತ್ತದೆಯೇ, ಬಿಡಕ್ಕ, ಎಂದಳು. ಆ ದನಿ ತೆಳ್ಳಗಾಗಿತ್ತು. ಬಲಗಿವಿಗೂ ಕಷ್ಟಪಟ್ಟು ಕೇಳಬೇಕಾಗಿತ್ತು.

ಆ ದನಿ ಕೇಳಿದ ದಿನವೇ ಅವನು ನೆಟ್ಟಗೆ ಮೇಡಮ್ಮಿನ ಕೋಣೆಗೆ ಹೋಗಿ, ಬಾಗಿಲು ಹಾಕಿ, ಎಲ್ಲವನ್ನೂ ಹೇಳಿಬಿಟ್ಟ. ದೊಡ್ಡ ಚೀಲದ್ದು, ಬುಡದ್ದು, ಬಂಡೆ ಬೋಳಾದದ್ದು, ಹೆಂಡತಿಯದು. ಬೈಗುಳ ಬಂದರೆ ಬರಲಿ ಎಂದು ಸಿದ್ಧವಾಗಿಯೇ ಹೋಗಿದ್ದ, ಬಂದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

'ಆ ಚೀಲ ನೋಡಿದಾಗ ನನಗೂ ಗೊತ್ತಾಗ್ಬೇಕಿತ್ತು,' ಎಂದರು. 'ಬುಡ ಬಿಟ್ರಾ ಅಂತ ಒಂದು ಮಾತು ಕೇಳ್ಬಹುದಿತ್ತು. ನನಗೆ ರಾಶಿ ಬೇಕಿತ್ತು, ಕೇಳ್ಲಿಲ್ಲ.'

ಉಳಿದಿರುವ ಪುಡಿಯನ್ನಾದರೂ ಕೊಡಿ ಎಂದು ಅವನು ಕೇಳಿದ. ಕಾಲು ಹಿಡಿಯುವುದೊಂದು ಬಾಕಿ. ಅವರು ಅವನನ್ನು ಒಳಗೆ ಕರೆದೊಯ್ದು ಬೇರೊಂದು ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಅದರಲ್ಲೂ ಕೋಶಗಳು ಉಂಡೆಗಟ್ಟಿ, ಒಡೆದು, ತೇಲುತ್ತಿದ್ದವು. ಸತ್ತಿವೆಯಲ್ಲ, ಇದರಿಂದಲೇ ಸತ್ತದ್ದಲ್ಲವೇ ಎಂದು ಅವನು ಆಸೆಯಿಂದ ತಲೆ ಎತ್ತಿದ.

'ಇವು ಗಡ್ಡೆಯವಲ್ಲ,' ಎಂದರು ಮೇಡಂ. 'ಆರೋಗ್ಯವಾಗಿರೋರ ಯಕೃತ್ತಿನ ಕೋಶಗಳು. ಇವನ್ನೂ ಕೊಲ್ಲುತ್ತೆ, ಅದೇ ವೇಗದಲ್ಲಿ. ನೀವು ಒಂದು ಕಣ ನಿಮ್ಮ ಹೆಂಡತಿ ಬಾಯಿಗೆ ಹಾಕಿದ್ರೂ ನಾನು ಕೊಲೆಗೆ ಕೈ ಜೋಡಿಸಿದ ಹಾಗೆ.'

'ಹಾಗಾದ್ರೆ ಇದು ಔಷಧಿ ಅಲ್ವಾ, ಮೇಡಂ?'

'ಔಷಧಿ ಆಗಬಹುದಾದ ವಿಷ. ಬುಡ ಇದ್ದಿದ್ರೂ ಇವತ್ತಿಗೆ ಆಗ್ತಿರ್ಲಿಲ್ಲ. ನಾನು ಈ ಕೆಲಸ ಬಿಡೋ ಹೊತ್ತಿಗೂ ಆಗ್ತಿತ್ತೋ ಇಲ್ವೋ.' ಅವರು ತಟ್ಟೆಯನ್ನು ಸೂಕ್ಷ್ಮದರ್ಶಕದಡಿಯಿಂದ ತೆಗೆದರು. 'ಅದು ನಿಮಗೆ ಸಮಾಧಾನ ಕೊಡುತ್ತಾ ಅಂತ ನನಗೆ ಗೊತ್ತಿಲ್ಲ.'

ಕೊಡಲಿಲ್ಲ. ಮನೆಯತ್ತ ನಡೆಯುವಾಗ ಅವನು ಆ ಮಾತನ್ನು ಎರಡು ಕಡೆಯಿಂದಲೂ ತಿರುವಿ ನೋಡಿದ. ಬುಡ ಬಿಟ್ಟಿದ್ದರೂ ಇವಳು ಉಳಿಯುತ್ತಿರಲಿಲ್ಲ ಎಂದಾದರೆ, ಮುಂದೆಂದೋ ಉಳಿಯಬಹುದಾಗಿದ್ದ ಯಾರದೋ ಹೆಂಡತಿ, ಯಾರದೋ ತಂಗಿ, ಅವರ ಪಾಲಿನದನ್ನು ಅವನು ಯಾವುದಕ್ಕೂ ಬಾರದಂತೆ ಕೆರೆದು ಮುಗಿಸಿದ್ದ. ಬುಡ ಇದ್ದಿದ್ದರೆ ಹೇಗೋ ಬೇಗ ಆಗುತ್ತಿತ್ತೇನೋ, ಮೇಡಂ ತನ್ನ ಮನಸ್ಸು ನೋಯದಿರಲೆಂದು ಹಾಗೆ ಹೇಳಿದರೇನೋ ಎಂದುಕೊಂಡರೆ, ಇವಳನ್ನು ಕೊಂದವನೂ ತಾನೇ. ಎರಡರಲ್ಲಿ ಯಾವುದನ್ನು ಹೊತ್ತುಕೊಳ್ಳಲಿ ಎಂದು ತಿಳಿಯದೆ ಅವನು ಮೀನು ಹರಾಜಿನ ಷೆಡ್ಡಿನ ಮುಂದೆ, ಜನ ಮೈಗೆ ಮೈ ತಾಗಿಸಿಕೊಂಡು ಹೋಗುವ ಜಾಗದಲ್ಲಿ, ದಾರಿಗೆ ಅಡ್ಡವಾಗಿ ನಿಂತುಬಿಟ್ಟ. ಪೆಟ್ಟಿಗೆ ತಳ್ಳುವವನೊಬ್ಬ, ನೀರುಕಾಗೆ, ಒಣಗೋದಾದ್ರೆ ಕಟ್ಟೆ ಮೇಲೆ ಹೋಗಿ ಒಣಗು ಎಂದು ಬೈದು ಪಕ್ಕಕ್ಕೆ ಸರಿಸಿದ.

ಹೆಂಡತಿಗೆ ಹೇಳಲು ಅವನಿಗೆ ಇನ್ನೂ ಕೆಲವು ದಿನ ಬೇಕಾದವು. ಒಂದು ಮಧ್ಯಾಹ್ನ, ಅಕ್ಕ ಔಷಧದ ಅಂಗಡಿಗೆ ಹೋದಾಗ, ಹಾಸಿಗೆಯ ಅಂಚಿನಲ್ಲಿ ಕೂತು, ಗೋಡೆ ನೋಡುತ್ತ ಹೇಳಿದ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

'ಅಂದ್ರೆ ಔಷಧಿ ಇಲ್ಲ,' ಎಂದಳು.

'ಇಲ್ಲ.'

'ನನಗೆ ಅವತ್ತೇ ಗೊತ್ತಿತ್ತು. ನಿಮ್ಮ ಮುಖದಲ್ಲಿ ಅಷ್ಟು ಬೆಳಕು ನಾನು ಮದುವೆ ದಿನಾನೂ ನೋಡಿರ್ಲಿಲ್ಲ. ಅದಕ್ಕೇ ಹೊಲಿದೆ.'

'ನಾನು ಬುಡ ಬಿಡ್ಬೇಕಿತ್ತು.'

'ಚೀಲ ಹೊಲಿದವಳು ನಾನು. ಸಣ್ಣದು ಹೊಲಿದಿದ್ರೆ ಸಣ್ಣದೇ ತುಂಬ್ಕೊಂಡು ಬರ್ತಿದ್ರಿ.' ಆಮೇಲೆ, 'ಈಗ ಕಡಲಿಗೆ ಹೋಗೋದು ಯಾಕೆ?' ಎಂದು ಕೇಳಿದಳು.

ನೋಡೋಕೆ, ಎಂದ ಅವನು. ಬೂದು ಪಾಚಿಯ ನಡುವೆ ಒಂದು ಚುಕ್ಕೆ ಹಳದಿ ಕಂಡರೆ ಸಾಕು, ಅದರಿಂದ ಇವಳಿಗೇನೂ ಆಗುವುದಿಲ್ಲ ಎಂದು ಗೊತ್ತಿದ್ದೂ, ತಾನು ಪೂರ್ತಿ ಅಳಿಸಿಹಾಕಲಿಲ್ಲ ಎಂದು ತಿಳಿಯಬೇಕಾಗಿತ್ತು ಅವನಿಗೆ. ಕಡಲು ಶಾಂತವಾದ ದಿನ ಬಂದು ಕೂಗು ಹಾಕುತ್ತೇನೆ ಎಂದು ದೋಣಿಯ ಅಣ್ಣನೂ ಮಾತು ಕೊಟ್ಟಿದ್ದ. ಎಳೆತ ನಿಂತ ನೀರಿನಲ್ಲಿ ಒಮ್ಮೆ ಇಡೀ ಬಂಡೆಯನ್ನು ಸುತ್ತಿ ನೋಡಿದರೆ ಮುಗಿಯಿತು. ಅಂಥ ದಿನ ಆ ಕಾಲದಲ್ಲಿ ಸಿಗುವುದೇ ಅಪರೂಪ.

ಆ ದಿನ ಬಂದಾಗ ಬೆಳಿಗ್ಗೆಯಿಂದಲೇ ಅವಳಿಗೆ ನೋವು ಏರಿತ್ತು. ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬರುತ್ತೇನೆಂದ ಆಸ್ಪತ್ರೆಯ ನರ್ಸು ಇನ್ನೂ ಬಂದಿರಲಿಲ್ಲ, ಅವರನ್ನು ಕರೆತರಲು ಅಕ್ಕ ಓಡಿದ್ದಳು. ನೋವು ಎಲ್ಲಿ ಎಂದು ಅವನು ಹೆಂಡತಿಯನ್ನು ಕೇಳಿದ. ಅವಳು ಪಕ್ಕೆಯ ಕೆಳಗೆ, ಬೆನ್ನಿನತ್ತ, ಬೆರಳು ತೋರಿಸಿದಳು. ಏನು ಮಾಡಬೇಕೆಂದು ತೋಚದೆ ಅವನು ತನ್ನ ಕೈಯನ್ನು ಅಲ್ಲಿಟ್ಟ. ಕಲ್ಲು, ಕಬ್ಬಿಣ, ಹಗ್ಗಗಳನ್ನು ಹಿಡಿದು ಒರಟಾದ ಕೈ. ಒತ್ತಬೇಕೋ ಬಿಡಬೇಕೋ ತಿಳಿಯದೆ ಸುಮ್ಮನೆ ಇಟ್ಟುಕೊಂಡ. ಅಂಗೈಯಡಿಯಲ್ಲಿ ಅವಳ ಮೈ ಹಗ್ಗದಂತೆ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು, ಮತ್ತೆ ಬಿಗಿಯುತ್ತಿತ್ತು. ಇದರಿಂದ ಏನಾದರೂ ಕಡಿಮೆಯಾಯಿತೇ ಎಂದು ಕೇಳಿದಾಗ ಅವಳು ಇಲ್ಲವೆಂದು ತಲೆಯಾಡಿಸಿದಳು.

ಹಾಗಾದರೆ ತೆಗೆಯಲೇ ಎಂದು ಕೇಳಿದ.

'ತೆಗೀಬೇಡಿ,' ಎಂದಳು.

ಬೀದಿಯಲ್ಲಿ ಅಣ್ಣನ ಕೂಗು ಕೇಳಿಸಿತು. ನೀರು ಕನ್ನಡಿ ಆಗಿದೆ, ಎಳೆತ ಸತ್ತುಹೋಗಿದೆ, ಬೇಗ ಬಾ, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತೆ ಎಂದು ಕಿಟಕಿಯ ಕೆಳಗೆ ನಿಂತು ಹೇಳುತ್ತಿದ್ದ. ಕಿಟಕಿ ನಾಲ್ಕು ಹೆಜ್ಜೆಯ ದೂರದಲ್ಲಿತ್ತು. ಇಲ್ಲಿಂದಲೇ ಉತ್ತರ ಕೊಡಬೇಕೆಂದರೆ ಕೂಗಬೇಕು, ಕೂಗಿದರೆ ಅವಳು ಬೆಚ್ಚುತ್ತಾಳೆ. ಅವನು ಕದಲಲಿಲ್ಲ. ಅಣ್ಣ ಮತ್ತೊಮ್ಮೆ ಕರೆದ, ಕಾದ, ತನ್ನಲ್ಲೇ ಏನೋ ಗೊಣಗಿಕೊಂಡ. ಆಮೇಲೆ ಅವನ ಚಪ್ಪಲಿಯ ಸದ್ದು ಬಂದರಿನ ಕಡೆಗೆ ಇಳಿದುಹೋಯಿತು. ಅವಳ ಮೈ ಇನ್ನೊಮ್ಮೆ ಬಿಗಿಯಿತು. ಅವನ ತೋಳು ಜೋಮು ಹಿಡಿದಿತ್ತು, ಕೈ ಇದ್ದಲ್ಲೇ ಇತ್ತು.